ಸರಿಜೋಡಿಯೆಂಬ ನೆವ

ಕಳೆದ ವರ್ಷ ದೀಪಾವಳಿಯ ರಜೆಗೆ ಮೊದಲು ಸೊಲ್ಲಾಪುರ ನಗರದ ಒಂದು ದೊಡ್ಡ ಶಾಲೆಗೆ ನಾನು ಪತ್ರ ಬರೆದಿದ್ದೆ. ಶಾಲೆಯ ಹೆಸರು ಇಲ್ಲಿ ಬೇಡ. ಅಂಥ ಶಾಲೆ ಅದೊಂದೇ ಅಲ್ಲ. ಅವರ ಖೋ-ಖೋ ತಂಡವು ಯಾವುದಾದರೊಂದು ಶನಿವಾರ ಅಕ್ಕಲಕೋಟೆ ತಾಲೂಕಿನ ನಮ್ಮ ಕನ್ನಡ ಶಾಲೆಗೆ ಬಂದು ನಮ್ಮ ಮಕ್ಕಳೊಡನೆ ಒಂದು ಸ್ನೇಹಪಂದ್ಯ ಆಡಬೇಕೆಂಬುದು ನನ್ನ ವಿನಂತಿ. ಹದಿನೈದು ದಿವಸಗಳ ಮೇಲೆ ಬಂದ ಉತ್ತರ ಬಹು ಸೌಜನ್ಯದ್ದಾಗಿತ್ತು. ಆಟವು ಸರಿಜೋಡಿಯದಾಗಿರಬೇಕು; ಇಲ್ಲವಾದರೆ ನಿಮ್ಮ ಮಕ್ಕಳ ಮನಸ್ಸು ನೊಂದೀತು, ನಮ್ಮ ಮಕ್ಕಳಿಗೂ ಅಭ್ಯಾಸವಾಗದು; ಆದುದರಿಂದ ಕ್ಷಮಿಸಬೇಕು ಎಂದಿತ್ತು.

ಕ್ಷಮಿಸಿದ್ದೇನೆ. ಒಪ್ಪಿಲ್ಲ.

ಈ 'ಸರಿಜೋಡಿ' ಎಂಬ ಶಬ್ದವನ್ನು ನಮ್ಮ ಶಿಕ್ಷಕ ಬಂಧುಗಳಲ್ಲಿ ಅನೇಕರು ಬಹಳ ಗೌರವದಿಂದ ಬಳಸುತ್ತಾರೆ. ಕೇಳುವುದಕ್ಕೆ ಅದು ನ್ಯಾಯದ ಮಾತಿನಂತೆಯೇ ಇದೆ. ಆದರೆ ನಮ್ಮ ಜಿಲ್ಲೆಯ ಶಾಲಾ ಪಂದ್ಯಾಟಗಳ ರಚನೆಯನ್ನು ಒಮ್ಮೆ ನೋಡಿದರೆ ಆ ನ್ಯಾಯದ ನಿಜವಾದ ಬಣ್ಣ ತಿಳಿಯುತ್ತದೆ. ಶಾಲಾ ಕ್ರೀಡೆಗಳು 14, 17 ಮತ್ತು 19 ವರ್ಷದೊಳಗಿನವರೆಂಬ ಮೂರು ಗುಂಪುಗಳಲ್ಲಿ ನಡೆಯುತ್ತವೆ. ಅಕ್ಕಲಕೋಟೆ ಸೀಮೆಯ ಶಾಲೆ ಮೊದಲು ತಾಲೂಕನ್ನು ಗೆಲ್ಲಬೇಕು. ಬಳಿಕ ಸೊಲ್ಲಾಪುರ ಗ್ರಾಮೀಣವನ್ನು ಗೆಲ್ಲಬೇಕು. ನಗರದ ಶಾಲೆಗಳ ದಾರಿಯೇ ಬೇರೆ. ಮಹಾನಗರಪಾಲಿಕೆಯ ಕ್ಷೇತ್ರವು ಆಟದ ಮಟ್ಟಿಗೆ ಪ್ರತ್ಯೇಕ ಜಿಲ್ಲೆಯಿದ್ದಂತೆ. ಅಲ್ಲಿ ಗೆದ್ದವರೂ ಇಲ್ಲಿ ಗೆದ್ದವರೂ ಮುಖಾಮುಖಿಯಾಗುವುದು ಪುಣೆ ವಿಭಾಗದ ಪಂದ್ಯಾಟದಲ್ಲಿ ಮಾತ್ರ. ಜಿಲ್ಲಾ ಪರಿಷತ್ತಿನ ಪ್ರಾಥಮಿಕ ಶಾಲೆಗಳಿಗಾಗಿ ಕೇಂದ್ರ, ಬೀಟು, ತಾಲೂಕು, ಜಿಲ್ಲೆ ಎಂಬ ಇನ್ನೊಂದು ಸರಣಿಯಿದೆ. ಅದರಲ್ಲಿ ನಮ್ಮವರಿಗೆ ನಮ್ಮವರೇ ಎದುರಾಳಿಗಳು. ಅಂದರೆ, ಬಸ್ಸಿನಲ್ಲಿ ಒಂದು ತಾಸಿನ ಹಾದಿಯಲ್ಲಿರುವ ಎರಡು ಶಾಲೆಗಳ ಮಕ್ಕಳು ಒಬ್ಬರ ಆಟವನ್ನು ಒಬ್ಬರು ನೋಡದೆಯೇ ಶಾಲೆ ಮುಗಿಸಿಬಿಡುತ್ತಾರೆ. ಎಂದೂ ಕೂಡದವರನ್ನು ಸರಿಜೋಡಿಯಲ್ಲವೆಂದು ಅಳೆದವರು ಯಾರು? ಯಾವ ತಕ್ಕಡಿಯಲ್ಲಿ?

ಮೇಲಾಗಿ, ಈ ಪಂದ್ಯಾಟಗಳಲ್ಲಿ ಸೋತವನು ಅಲ್ಲಿಗೇ ಮನೆಗೆ. ಚಿಕ್ಕವರ ಖೋ-ಖೋದಲ್ಲಿ ಒಂದು ಪಾಳಿ ಏಳು ನಿಮಿಷದ್ದು. ಮಳೆಗಾಲವೆಲ್ಲ ಕೆಸರಿನಲ್ಲಿ ಓಡಿ ಸಿದ್ಧರಾದ ಮಕ್ಕಳು ತಾಲೂಕಿನ ಮೈದಾನಕ್ಕೆ ಹೋಗಿ, ಅರ್ಧ ತಾಸಿನೊಳಗೆ ಒಂದು ಡಾವಿನಿಂದ ಸೋತು, ಡಬ್ಬಿಯಲ್ಲಿದ್ದ ರೊಟ್ಟಿ ತಿಂದು, ಮಧ್ಯಾಹ್ನದ ಬಸ್ಸಿಗೆ ಮರಳುತ್ತಾರೆ. ಅವರ ಇಡೀ ವರ್ಷದ ಸ್ಪರ್ಧೆ ಅಷ್ಟೇ. ಮುಂದಿನ ವರ್ಷ ಆ ಮಕ್ಕಳು ನಮ್ಮ ಶಾಲೆಯಲ್ಲಿ ಇರುವುದೂ ಇಲ್ಲ.

ನನ್ನ ಪಕ್ಷಕ್ಕೆ ವಿರೋಧವಾದ ಸಾಕ್ಷ್ಯವನ್ನು ನಾನೇ ಮುಂದಿಡುತ್ತೇನೆ. ಬೇರೆಯವರು ಇಡುವ ಮೊದಲು. 2016ರ ಜನವರಿಯಲ್ಲಿ ನಮ್ಮ ರಾಜ್ಯದ ಕಲ್ಯಾಣದಲ್ಲಿ ಎರಡು ಶಾಲೆಗಳ ನಡುವೆ ಕ್ರಿಕೆಟ್ ಪಂದ್ಯ ನಡೆಯಿತು. ಮೊದಲು ಆಡಿದ ಶಾಲೆ 31 ರನ್ನುಗಳಿಗೆ ಉರುಳಿತು. ಎದುರಾಳಿ ಶಾಲೆ 3 ವಿಕೆಟ್ಟಿಗೆ 1465 ರನ್ನು ಮಾಡಿತು; ಅದರಲ್ಲಿ ಪ್ರಣವ ಧನಾವಡೆ ಎಂಬ ಹುಡುಗನೊಬ್ಬನೇ ಔಟಾಗದೆ 1009. ಎರಡನೆಯ ಸಲ ಆ ಸಣ್ಣ ತಂಡ 52ಕ್ಕೆ ಮುಗಿಯಿತು. 1009 ಎಂಬ ಸಂಖ್ಯೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಚೆಂಡಿನ ಹಿಂದೆ ಓಡಿದ ಆ ಹನ್ನೊಂದು ಮಕ್ಕಳ ಹೆಸರು ಎಷ್ಟು ಜನರಿಗೆ ಗೊತ್ತು?

ಇದನ್ನು ತೋರಿಸಿ, 'ನೋಡಿರಿ ಮಾಸ್ತರರೇ, ಇದಕ್ಕಾಗಿಯೇ ಬೇಡವೆಂದದ್ದು' ಎನ್ನುವವರಿದ್ದಾರೆ. ನಾನು ಹೇಳುವುದಿಷ್ಟು: ಅಲ್ಲಿ ತಪ್ಪಿದ್ದು ಕೂಡಿದ್ದರಲ್ಲಿ ಅಲ್ಲ, ನಿಲ್ಲಿಸದಿದ್ದರಲ್ಲಿ. ಮೂವತ್ತೆರಡನೆಯ ರನ್ನಿಗೇ ಮುನ್ನಡೆ ಸಿಕ್ಕಿತ್ತು. ಸಾವಿರದ ಮುನ್ನಡೆಯಾದ ಮೇಲೂ 'ಸಾಕು' ಎನ್ನಲು ಹಿರಿಯನೊಬ್ಬ ಮೈದಾನದ ಅಂಚಿನಲ್ಲಿ ಇರಲಿಲ್ಲ. ಅದು ಹಿರಿಯರ ವಿವೇಕದ ಕೊರತೆ. ಊಟದಲ್ಲಿ ಒಬ್ಬ ಅತಿಯಾಗಿ ತಿಂದನೆಂದು ಪಂಕ್ತಿಯನ್ನೇ ನಿಲ್ಲಿಸುವುದುಂಟೆ?

ನಮ್ಮ ಸೀಮೆಯ ತಾಲೀಮುಗಳು ಈ ವಿವೇಕವನ್ನು ಬಲ್ಲವು. ಬೆಳಗಿನ ಜಾವ ಕೆಮ್ಮಣ್ಣಿನಲ್ಲಿ ನಾಲ್ಕಾರು ಜಾತ್ರೆ ಗೆದ್ದ ಪೈಲವಾನನು ಮೀಸೆ ಮೂಡದ ಹುಡುಗನೊಡನೆ ಜೋರು ಮಾಡುತ್ತಾನೆ. ಹುಡುಗನ ಪಟ್ಟಿಗೆ ತನ್ನ ಕಾಲು ಕೊಡುತ್ತಾನೆ, ಬಿಡಿಸಿಕೊಳ್ಳುತ್ತಾನೆ, ಮತ್ತೆ ಕೊಡುತ್ತಾನೆ. ಇದರಿಂದ ನನಗೇನು ಲಾಭವೆಂದು ಆ ಪೈಲವಾನ ವಸ್ತಾದನನ್ನು ಕೇಳಿದರೆ ತಾಲೀಮಿನಿಂದ ಹೊರಬಿದ್ದಾನು. ಜಾತ್ರೆಯ ಕುಸ್ತಿಯ ದಿನ ಜೋಡಿ ನೋಡಿ ಬಿಡುತ್ತಾರೆ, ನಿಜ. ಆದರೆ ಆ ದಿನವೂ ತೆಂಗಿನಕಾಯಿಗೆ ಹಿಡಿಯುವ ಹುಡುಗರೂ ಬೆಳ್ಳಿಯ ಕಡಗಕ್ಕೆ ಹಿಡಿಯುವ ಜಟ್ಟಿಗಳೂ ಇಳಿಯುವುದು ಒಂದೇ ಕಣಕ್ಕೆ. ಹುಡುಗರಿಗೆ ಬೇರೆ ಊರಿನಲ್ಲಿ ಬೇರೆ ಕಣ ಮಾಡಿಲ್ಲ. ಜೋಡಿಯ ಮಾತು ಜಾತ್ರೆಗೆ. ಜೋರಿನ ಮಾತು ದಿನನಿತ್ಯಕ್ಕೆ. ನಗರದ ಶಾಲೆಗಳು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಮರೆತಿವೆ.

ಸೋತರೆ ಮಕ್ಕಳ ಮನಸ್ಸು ಮುರಿಯುವುದೆಂಬ ಮಾತಿಗೆ ಬರುತ್ತೇನೆ. 2018ರಲ್ಲಿ ಒಂಬತ್ತು ಹೊಸ ತಂಡಗಳಿಗೆ ರಣಜಿ ಪಂದ್ಯಾಟದ ಬಾಗಿಲು ತೆರೆದಾಗ, ಇವರನ್ನು ದೊಡ್ಡವರೊಡನೆ ಕೂಡಿಸಿದರೆ ಆಟದ ಮಟ್ಟ ಕುಸಿಯುವುದೆಂದು ಬಲ್ಲವರು ಮರುಗಿದರು. ಅವುಗಳಲ್ಲೊಂದಾದ ಮಣಿಪುರ 2024ರ ಜನವರಿಯಲ್ಲಿ ನಮ್ಮ ಸೊಲ್ಲಾಪುರದ ಇಂದಿರಾ ಗಾಂಧಿ ಕ್ರೀಡಾಂಗಣಕ್ಕೇ, ಎಂದರೆ ನಮ್ಮೆಲ್ಲರ ಪಾರ್ಕ್ ಮೈದಾನಕ್ಕೇ, ಬಂದು ಮಹಾರಾಷ್ಟ್ರದೊಡನೆ ಆಡಿ ಸೋತುಹೋಯಿತು. ಸೋಲುವುದು ಗೊತ್ತಿದ್ದೂ ಬಂದಿತಷ್ಟೆ! ಇನ್ನು ಉತ್ತರಾಖಂಡದ ಕಥೆ. 2022ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಬಳಿಯ ಆಲೂರಿನಲ್ಲಿ ಅದು ಕ್ವಾರ್ಟರ್ ಫೈನಲ್ ಪಂದ್ಯವನ್ನು ಮುಂಬಯಿಗೆ 725 ರನ್ನುಗಳಿಂದ ಸೋತಿತು. ಮೊದಲ ದರ್ಜೆಯ ಕ್ರಿಕೆಟ್ಟಿನ ಇತಿಹಾಸದಲ್ಲಿ ಅಷ್ಟು ರನ್ನುಗಳ ಸೋಲು ಅದಕ್ಕೆ ಮೊದಲು ಯಾರಿಗೂ ಬಂದಿರಲಿಲ್ಲ. ಮನಸ್ಸು ಮುರಿಯುವುದಾದರೆ ಅಲ್ಲಿ ಮುರಿಯಬೇಕಿತ್ತು. ಅದೇ ತಂಡ ಮರು ಋತುವಿನಲ್ಲಿ ಮತ್ತೆ ಕೊನೆಯ ಎಂಟರಲ್ಲಿ ನಿಂತಿತು. ಅಲ್ಲಿ ಅದನ್ನು ಸೋಲಿಸಿದವರು ನಮ್ಮ ಕರ್ನಾಟಕದವರು. ಅದೂ ಒಂದು ಇನ್ನಿಂಗ್ಸ್ ಮತ್ತು 281 ರನ್ನುಗಳಿಂದ. ಮುಚ್ಚಿಡುವುದೇಕೆ, ನನಗೆ ಸಂತೋಷವೇ ಆಯಿತು.

ದೂರದ ಅಮೇರಿಕೆಯಲ್ಲಿಯೂ ಇದೇ ವಾದವಿದೆ. ಅಲ್ಲಿಯ ಕಾಲೇಜುಗಳ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ದೊಡ್ಡ ವಿಶ್ವವಿದ್ಯಾಲಯಗಳು ಋತುವಿನ ಆರಂಭದಲ್ಲಿ ಸಣ್ಣವುಗಳಿಗೆ ಹಣ ಕೊಟ್ಟು ತಮ್ಮ ಮೈದಾನಕ್ಕೆ ಕರೆಸಿ ಆಡುತ್ತವೆ. 2023ರಲ್ಲಿ ಒರೆಗಾನ್ ವಿಶ್ವವಿದ್ಯಾಲಯವು ತನ್ನದೇ ರಾಜ್ಯದ ಪೋರ್ಟ್‌ಲ್ಯಾಂಡ್ ಸ್ಟೇಟ್ ತಂಡವನ್ನು 81-7ರಿಂದ ಸೋಲಿಸಿತು. 2007ರಲ್ಲಿ ಹೀಗೆಯೇ ಕರೆಸಿಕೊಂಡಿದ್ದ ಅಪಲೇಚಿಯನ್ ಸ್ಟೇಟ್ ಎಂಬ ಸಣ್ಣ ತಂಡ ಬಲಾಢ್ಯ ಮಿಶಿಗನ್ನನ್ನು ಅದರ ಅಂಗಳದಲ್ಲಿಯೇ, ಲಕ್ಷಕ್ಕೆ ಮಿಕ್ಕ ಪ್ರೇಕ್ಷಕರೆದುರು, 34-32ರಿಂದ ಕೆಡವಿತು. ಹಣಕ್ಕಾಗಿ ಸೋಲಲು ಹೋಗುವ ಪದ್ಧತಿ ನನಗೆ ರುಚಿಸದು. ಆದರೂ ಅವರು ಕೂಡಿ ಆಡುತ್ತಾರೆ. ನಾವು ಪತ್ರ ಬರೆದು ಕ್ಷಮೆ ಕೇಳುತ್ತೇವೆ.

ಸಣ್ಣ ಶಾಲೆಗೆ ದೊಡ್ಡ ಶಾಲೆಯಿಂದ ದೊರೆಯುವುದೇನು? ಇದನ್ನು ವಾದದಿಂದ ಹೇಳಲಾರೆ, ಕಂಡದ್ದನ್ನು ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ಒಂದು ಹೈಸ್ಕೂಲಿನ ತಂಡ ಬೇರೆಲ್ಲಿಯೋ ಆಡಿ ಮರಳುವಾಗ ನಮ್ಮೂರ ಹಾದಿಯಲ್ಲಿ ನಿಂತಿತು. ಅವರ ಶಿಕ್ಷಕರು ಉದಾರಿಗಳು. ಕೇಳಿದ ಕೂಡಲೇ ಮಕ್ಕಳನ್ನು ಇಳಿಸಿದರು. ನಮ್ಮ ತಂಡದ ಹನ್ನೆರಡು ಮಕ್ಕಳನ್ನು ಕೂಡಿಸಬೇಕಾದರೆ ಆರನೆಯ ಮತ್ತು ಏಳನೆಯ ಇಯತ್ತೆಗಳೆರಡನ್ನೂ ಬಸಿಯಬೇಕು. ಅದರಲ್ಲಿ ಒಬ್ಬನ ಕಾಲಿಗೆ ಮುಳ್ಳು ನೆಟ್ಟಿತ್ತು. ಸೋತೆವು, ಸರಿಯಾಗಿಯೇ ಸೋತೆವು. ಆ ಆಟದಲ್ಲಿ ಅವರ ಹುಡುಗನೊಬ್ಬ, ಕಂಬದ ಬಳಿ ಸುಳಿದು ತಪ್ಪಿಸಿಕೊಳ್ಳುತ್ತಿದ್ದ ನಮ್ಮ ಓಟಗಾರನನ್ನು, ಕಂಬಕ್ಕೆ ಒಂದು ಕೈ ಕೊಟ್ಟು ಇಡೀ ದೇಹವನ್ನು ನೆಲಕ್ಕೆ ಸಮನಾಗಿ ಚಾಚಿ ಮುಟ್ಟಿಬಿಟ್ಟ. ಪೋಲ್ ಡೈವ್ ಎನ್ನುತ್ತಾರೆ. ನಾನು ಅದನ್ನು ಹಲಗೆಯ ಮೇಲೆ ಚಿತ್ರ ಬರೆದು ಎರಡು ವರ್ಷ ಹೇಳಿಕೊಟ್ಟಿದ್ದೆ, ಒಬ್ಬನಿಗೂ ತಿಳಿದಿರಲಿಲ್ಲ. ಮರುದಿನ ಬೆಳಗ್ಗೆ ಶಾಲೆಯ ಗಂಟೆಗೆ ಮೊದಲೇ ಬಂದು ನೋಡಿದರೆ, ಕಟ್ಟಡ ಕೆಲಸಕ್ಕೆ ತಂದ ಮರಳಿನ ಗುಡ್ಡೆಯ ಪಕ್ಕದಲ್ಲಿ ಗೂಟವೊಂದನ್ನು ನೆಟ್ಟು ಐದಾರು ಮಕ್ಕಳು ಸಾಲಾಗಿ ಹಾರುತ್ತಿದ್ದರು. ಸಾಲಿನ ಮುಂದೆ ಇದ್ದವಳು ತಂಡದಲ್ಲಿಯೇ ಇಲ್ಲದ, ಐದನೆಯ ಇಯತ್ತೆಯ ಒಬ್ಬ ಹುಡುಗಿ.

ದೊಡ್ಡ ಶಾಲೆಗಳಿಗೂ ಇದರಲ್ಲಿ ಗಳಿಕೆಯಿದೆ. ಅವರ ಮಕ್ಕಳು ಮ್ಯಾಟಿನ ಮೇಲೆ ಬೆಳೆದವರು. ನಮ್ಮ ಎರೆಮಣ್ಣಿನ ಬಿರುಕಿನಲ್ಲಿ ತಿರುಗಿ ಓಡಲು ಬೇರೆಯೇ ಕಾಲು ಬೇಕು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದಾಗ ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು. ಪುರುಷರ ತಂಡದಲ್ಲಿದ್ದ ರಾಮಜಿ ಕಶ್ಯಪ ನಮ್ಮದೇ ಜಿಲ್ಲೆಯ ಮಾಳಶಿರಸ ತಾಲೂಕಿನ ವೇಳಾಪುರದವನು. ಮಹಿಳೆಯರ ತಂಡದಲ್ಲಿದ್ದ ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರಿನವಳು. ಇಬ್ಬರೂ ಹಳ್ಳಿಯವರು. ವೇಳಾಪುರದಲ್ಲಿ ಹುಟ್ಟುವ ಕಾಲು ನಾಗಣಸೂರಿನಲ್ಲಿಯೋ ತಡವಳದಲ್ಲಿಯೋ ಹುಟ್ಟಲಾರದೆಂದು ಯಾರೂ ಬರೆದಿಟ್ಟಿಲ್ಲ. ಆದರೆ ವೇಳಾಪುರದಲ್ಲಿ ಆಟ ಬಲ್ಲವರ ನಡುವೆ ಹುಡುಗ ಬೆಳೆಯುತ್ತಾನೆ. ನಮ್ಮಲ್ಲಿ ಚಿತ್ರ ನೋಡಿ.

ಇದರಲ್ಲಿ ಆಟಕ್ಕಿಂತ ಹೆಚ್ಚಿನದೂ ಇದೆ. ಇಪ್ಪತ್ತಕ್ಕಿಂತ ಕಡಿಮೆ ಪಟಸಂಖ್ಯೆಯ ಶಾಲೆಗಳನ್ನು ಕೂಡಿಸಿ ಸಮೂಹ ಶಾಲೆ ಮಾಡುವ ವಿಚಾರವನ್ನು 2023ರಲ್ಲಿ ಸರಕಾರ ಎತ್ತಿದಂದಿನಿಂದ ಗಡಿಯ ಕನ್ನಡ ಶಾಲೆಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯೂ ಎಣಿಕೆಯ ವಸ್ತುವಾಗಿದ್ದಾನೆ. ಹೋದ ಜೂನಿನಲ್ಲಿ ಪಾಲಕರೊಬ್ಬರು ಮಗನ ದಾಖಲೆ ಕೇಳಲು ಬಂದರು. ಪಾಠದ ಮೇಲೆ ದೂರಿಲ್ಲ ಸರ್, ಭಾಷೆಯ ಮೇಲೂ ಇಲ್ಲ, ಆದರೆ ಪೇಟೆಯ ಶಾಲೆಯಲ್ಲಿ ಆಟವಿದೆ, ಹುಡುಗ ಹಟ ಹಿಡಿದಿದ್ದಾನೆ ಎಂದರು. ನಾನು ಸಹಿ ಹಾಕಿ ಕೊಟ್ಟೆ. ನಮ್ಮಲ್ಲಿಯೂ ಆಟವಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಆಟವಿದ್ದುದು ನನಗೆ ಗೊತ್ತು, ಅವನಿಗೆ ಕಾಣುವಂತಿರಲಿಲ್ಲ.

ನಮ್ಮವರಿಗೂ ಒಂದು ಮಾತು. ಸಣ್ಣ ಶಾಲೆಗಳೆಲ್ಲ ಅನ್ಯಾಯಕ್ಕೊಳಗಾದ ಸಾಧುಗಳೆಂದು ನಾನು ಹೇಳುತ್ತಿಲ್ಲ. ನಮ್ಮ ಮುಖ್ಯಾಧ್ಯಾಪಕರಲ್ಲಿ ಕೆಲವರಿಗೆ ಈ ಬೇಲಿ ಹಿತವಾಗಿಯೇ ಇದೆ. ಕೇಂದ್ರಮಟ್ಟದ ಢಾಲು ಕಪಾಟಿನಲ್ಲಿದ್ದರೆ ಸಾಕು. ದೊಡ್ಡವರ ಮುಂದೆ ಸೋತು ಆ ಢಾಲಿನ ಹೊಳಪು ಕೆಡಿಸಿಕೊಳ್ಳುವುದೇಕೆಂಬುದು ಅವರ ಲೆಕ್ಕ. ಇದು ಮಕ್ಕಳ ಮಾನ ಕಾಯುವುದಲ್ಲ. ಕಪಾಟಿನ ಮಾನ ಕಾಯುವುದು.

ನಾನು ಕೇಳುವುದು ದಾನವಲ್ಲ. ವರ್ಷಕ್ಕೆ ಒಂದು ಶನಿವಾರ. ಪಂದ್ಯ ನಮ್ಮ ಅಂಗಳದಲ್ಲಿ ನಡೆಯಬೇಕು. ನಮ್ಮನ್ನು ಅಲ್ಲಿಗೆ ಕರೆದರೆ ಹನ್ನೆರಡು ಮಕ್ಕಳು ಮಾತ್ರ ನೋಡುತ್ತಾರೆ, ಅವರು ಇಲ್ಲಿಗೆ ಬಂದರೆ ಊರೇ ನೋಡುತ್ತದೆ. ಬರುವುದು ಅವರ ಒಳ್ಳೆಯ ತಂಡವೇ ಆಗಿರಬೇಕು. ಎರಡನೆಯ ತಂಡವನ್ನು ಕಳಿಸಿದರೆ ಅದು ಕನಿಕರವಾದೀತು. ಫಲಿತಾಂಶ ತಿಳಿದ ಮೇಲೆ ಆಟ ನಿಲ್ಲಿಸಿ, ಎರಡೂ ಕಡೆಯ ಮಕ್ಕಳನ್ನು ಬೆರಸಿ ಹೊಸ ತಂಡ ಕಟ್ಟಿ ಇನ್ನೊಂದು ಡಾವು ಆಡಿಸಬೇಕು. ಅವರ ಮಕ್ಕಳು ಮರಾಠಿಯಲ್ಲಿ ಕೂಗುತ್ತಾರೆ, ನಮ್ಮವರು ಕನ್ನಡದಲ್ಲಿ. 'ಖೋ' ಎಂಬ ಅಕ್ಷರ ಎರಡರಲ್ಲಿಯೂ ಒಂದೇ. ಮಧ್ಯಾಹ್ನದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಹೊಣೆ ನಮ್ಮದು.

ಈ ವರ್ಷ ಅದೇ ಶಾಲೆಗೆ ಮತ್ತೆ ಬರೆದಿದ್ದೇನೆ. ಇನ್ನೂ ಎರಡು ಶಾಲೆಗಳಿಗೂ ಬರೆದಿದ್ದೇನೆ. ಉತ್ತರ ಬಂದಿಲ್ಲ. ಬಾಗಿದ್ದ ಕಂಬಗಳನ್ನು ಕಿತ್ತು ಹೊಸವನ್ನು ನೆಟ್ಟಿದ್ದೇವೆ. ಮರಳನ್ನು ಮಾತ್ರ ಮಕ್ಕಳು ಅಲ್ಲಿಂದ ತೆಗೆಯಗೊಡುತ್ತಿಲ್ಲ.