ಕೇಳಬೇಕಾದದ್ದು ಹಣವಲ್ಲ, ಮಾರುಕಟ್ಟೆಯ ದಾರಿ

ಮೈಸೂರಿನ ಮಂಡಿ ಮೊಹಲ್ಲಾದಲ್ಲೋ ಉದಯಗಿರಿಯಲ್ಲೋ ಹೊಸ ಅಂಗಡಿಯೊಂದು ತೆರೆದರೆ ಅದರ ಮೊದಲ ಗಿರಾಕಿಗಳು ಯಾರು? ಅಂಗಡಿಯವನ ಮಾಮೂ, ಪತ್ನಿಯ ತವರಿನವರು, ಮಸೀದಿಯಲ್ಲಿ ಪಕ್ಕದಲ್ಲಿ ನಿಲ್ಲುವ ಗೆಳೆಯರು. ಜಾಹೀರಾತಿಗೆ ಹಣವಿಲ್ಲದ, ಬಡ್ಡಿಯ ಸಾಲಕ್ಕೆ ಅಂಜುವ ಕುಟುಂಬಕ್ಕೆ ಪರಿಚಯವೇ ಮೊದಲ ಬಂಡವಾಳ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಬೀಟೆಮರದ ಮೇಲೆ ಚಿತ್ತಾರ ಕೂರಿಸುವ ಮೈಸೂರಿನ ಇನ್‌ಲೇ ಕಲೆ ಭೌಗೋಳಿಕ ಮಾನ್ಯತೆ ಪಡೆದಿದೆ. ಆದರೆ ಆ ಕಲೆ ಉಳಿದು ಬಂದದ್ದು ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ, ತಂದೆಯಿಂದ ಮಗ, ಚಾಚಾನಿಂದ ಅಣ್ಣನ ಮಗ ಕಲಿಯುತ್ತಾ ಬಂದುದರಿಂದಲೇ.

ಪ್ರಶ್ನೆಯಿರುವುದು ಸಂಬಂಧಗಳ ಬಳಿ ನಾವು ಏನನ್ನು ಕೇಳುತ್ತೇವೆ ಎಂಬುದರಲ್ಲಿ.

ಮಕ್ಕಾದಲ್ಲಿ ಎಲ್ಲವನ್ನೂ ಬಿಟ್ಟು ಮದೀನಾಕ್ಕೆ ಬಂದ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೂ ಹ. ಸಅದ್ ಬಿನ್ ರಬೀ(ರ) ಅವರಿಗೂ ಪ್ರವಾದಿವರ್ಯರು(ಸ) ಸಹೋದರ ಸಂಬಂಧವನ್ನು ಏರ್ಪಡಿಸಿದರು. ಸಅದ್(ರ) ತಮ್ಮ ಸಂಪತ್ತಿನ ಅರ್ಧ ಭಾಗವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಗೆ ದಾರಿ ಯಾವುದೆಂದು ಮಾತ್ರ ಕೇಳಿದರು. ಗಿಣ್ಣು, ತುಪ್ಪದ ವ್ಯಾಪಾರದಿಂದ ತೊಡಗಿ ಶ್ರೀಮಂತ ವರ್ತಕರಾದರು. ಸಹೋದರತೆಯಿಂದ ಅವರು ಪಡೆದುದು ಊರಿನ ಪರಿಚಯವನ್ನೇ ಹೊರತು ಹಣವನ್ನಲ್ಲ.

ವಿಪರ್ಯಾಸವೆಂದರೆ ನಮ್ಮಲ್ಲಿ ಮೊದಲು ಕೇಳುವುದೇ ಹಣ. ಖಾಲಾ ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ‘ವ್ಯಾಪಾರದಲ್ಲಿ ಹಾಕಿ, ತಿಂಗಳು ತಿಂಗಳು ಲಾಭ ಕೊಡುತ್ತೇನೆ’ ಎಂದು ಕೇಳಿ ಪಡೆಯುತ್ತೇವೆ. ಬರಹವಿಲ್ಲ, ಸಾಕ್ಷಿಯಿಲ್ಲ. ನಷ್ಟವಾದರೂ ನಿಲ್ಲದ ನಿಗದಿತ ಲಾಭಕ್ಕೆ ಯಾವ ಹೆಸರಿಟ್ಟರೂ ಅದು ಬಡ್ಡಿಯೇ. ಒಬ್ಬರ ಹಣ, ಇನ್ನೊಬ್ಬರ ದುಡಿಮೆ ಎಂಬ ಮುದಾರಬಾ ಪಾಲುದಾರಿಕೆಯಲ್ಲಿ ಲಾಭವನ್ನು ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. ದುಡಿದವನ ತಪ್ಪಿಲ್ಲದೆ ನಷ್ಟವಾದರೆ ಅದನ್ನು ಹೊರಬೇಕಾದವರು ಹಣ ಹಾಕಿದವರು. ಈ ಮಾತನ್ನು ಖಾಲಾಗೆ ಮೊದಲೇ ಬಿಡಿಸಿ ಹೇಳುವವರು ಎಷ್ಟು ಮಂದಿ? ಹೇಳಿದರೆ ಅವರು ಹಣ ಕೊಡಲಾರರೆಂಬ ಭಯವೇ ನಮ್ಮ ಮೌನಕ್ಕೆ ಕಾರಣವಲ್ಲವೇ?

ಈ ಮೌನದ ಬೆಲೆಯನ್ನು ಸಮುದಾಯ ಒಮ್ಮೆ ತೆತ್ತಿದೆ. ಬೆಂಗಳೂರಿನ ಐಎಂಎ ಸಂಸ್ಥೆ 2006ರಲ್ಲಿ ಆರಂಭವಾಗಿ, ‘ಹಲಾಲ್ ಹೂಡಿಕೆ’ಯ ಹೆಸರಿನಲ್ಲಿ ಬೆಳೆದು, 2019ರ ಜೂನ್‌ನಲ್ಲಿ ಕುಸಿಯಿತು. ಸಾವಿರಾರು ಕುಟುಂಬಗಳು ದೂರು ನೀಡಲು ಸಾಲುಗಟ್ಟಿ ನಿಂತವು. ಹಣ ಹಾಕಿದ ಬಹುಪಾಲು ಜನ ಲೆಕ್ಕಪತ್ರ ನೋಡಿದವರಲ್ಲ. ಬಂಧುವೊಬ್ಬ ಹೇಳಿದನೆಂದು, ಪರಿಚಿತರು ಹಾಕಿದ್ದಾರೆಂದು ನಂಬಿದವರು. ನಂಬಿಕೆ ಸರಪಳಿಯಂತೆ ಹರಡಿತು, ಅದೇ ಸರಪಳಿಯಲ್ಲಿ ಮನೆಗಳೂ ಮುರಿದವು. ಅದೇ 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಯೂ ಬಂದಿತು. ಸಾಲದ ವ್ಯವಹಾರವನ್ನು ಬರೆದಿಡಿರಿ, ಸಾಕ್ಷಿ ನಿಲ್ಲಿಸಿರಿ ಎಂಬ ಆದೇಶವಾದರೋ ಅದಕ್ಕೆ ಹದಿನಾಲ್ಕು ಶತಮಾನಗಳ ಮುಂಚೆಯೇ ಅಲ್ ಬಕರ ಅಧ್ಯಾಯದ 282ನೇ ಸೂಕ್ತದಲ್ಲಿ ಬಂದಿತ್ತು. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಅದು. ಬಂಧುಗಳ ನಡುವೆ ಬರಹ ಬೇಡವೆಂಬ ವಿನಾಯಿತಿ ಅದರಲ್ಲಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಸಂಬಂಧದ ಲಾಭವನ್ನು ಗಿರಾಕಿಯೂ ಹಿಂಡುತ್ತಾನೆ. ರಾಜೀವನಗರದ ಮನೆಯೊಂದರಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡ ಹೆಣ್ಣುಮಗಳು ಈದ್‌ಗೆ ರಾತ್ರಿಯಿಡೀ ಕುಳಿತು ನಾದಿನಿಯರ ಬಟ್ಟೆ ಹೊಲಿಯುತ್ತಾಳೆ. ಮಜೂರಿ ಕೇಳಿದರೆ ‘ನಮ್ಮವರಲ್ಲೂ ಹಣವೇ?’ ಎಂಬ ಮಾತು. ಹೊರಗಿನ ಅಂಗಡಿಗೆ ಹೇಳಿದ ಬೆಲೆ ಕೊಟ್ಟು ಬರುವ ನಾವು ನಮ್ಮವರ ಅಂಗಡಿಯಲ್ಲಿ ಉದ್ರಿ ಬರೆಸುತ್ತೇವೆ, ಬರೆಸಿದ್ದನ್ನು ಮರೆಯುತ್ತೇವೆ. ಉದ್ರಿ ವಸೂಲಾಗದೆ ಬಾಗಿಲು ಹಾಕಿದ ಕಿರಾಣಿ ಅಂಗಡಿಗಳ ಬಗ್ಗೆ ಮೊಹಲ್ಲಾದ ಯಾವ ಹಿರಿಯರನ್ನು ಕೇಳಿದರೂ ಹೇಳಿಯಾರು. ಬಂಧುವಾದವನು ಪೂರ್ಣ ಬೆಲೆ ಕೊಟ್ಟು, ಸರಕಿನಲ್ಲಿ ಕೊರತೆ ಕಂಡರೆ ಮುಖಕ್ಕೇ ಹೇಳಿ, ಚೆನ್ನಾಗಿದ್ದರೆ ಹತ್ತು ಜನರಿಗೆ ತಿಳಿಸಬೇಕು. ಸಅದ್(ರ) ತೋರಿದ ದಾರಿಗೆ ಇಂದಿನ ಅರ್ಥ ಇದೇ.

ಆ ದಾರಿ ಮೊಹಲ್ಲಾದ ಗಡಿಯಲ್ಲಿ ನಿಲ್ಲಬಾರದು. ಬಂಧುಗಳಿಗಷ್ಟೇ ಮಾರುವ ಅಂಗಡಿ ಬಹುಕಾಲ ಬಾಳದು. 2022ರ ಮಾರ್ಚ್‌ನಲ್ಲಿ ಕರಾವಳಿಯ ದೇವಾಲಯಗಳ ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡುವ ಬಹಿಷ್ಕಾರ ಹಬ್ಬಿದಾಗ ಅನೇಕರು ‘ಇನ್ನು ನಮ್ಮ ವ್ಯಾಪಾರ ನಮ್ಮವರೊಂದಿಗೆ ಮಾತ್ರ’ ಎಂದದ್ದುಂಟು. ಬಹಿಷ್ಕಾರ ಬಯಸಿದವರಿಗೆ ಬೇಕಾಗಿದ್ದದ್ದೂ ಅದೇ! ದೇವರಾಜ ಮಾರುಕಟ್ಟೆಗೆ ಹೂವು, ಹಣ್ಣು, ಊದುಬತ್ತಿಗಾಗಿ ಬರುವ ಗಿರಾಕಿ ಸರಿಯಾದ ತೂಕ ಮತ್ತು ಮಾತನ್ನು ನೋಡಿ ಮತ್ತೆ ಬರುತ್ತಾನೆ. ತಂದೆಯ ಕಾಲದಿಂದ ಬರುತ್ತಿರುವ ಹಿಂದೂ ಗಿರಾಕಿಯ ಮನೆಯ ಮದುವೆಗೆ ಹೋಗಿ ಬರುವುದು, ಕಾಯಿಲೆಯಾದರೆ ವಿಚಾರಿಸುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಅವರು ಅದನ್ನು ವ್ಯಾಪಾರದ ತಂತ್ರವೆಂದು ಎಂದೂ ಕರೆಯಲಿಲ್ಲ.

ಮಸೀದಿಯ ಜಮಾಅತ್‌ಗಳು ಒಂದು ಕೆಲಸ ಮಾಡಬಹುದು. ಬಂಧುಗಳ ಹಣ ಪಡೆದು ವ್ಯಾಪಾರಕ್ಕಿಳಿಯುವ ಯುವಕರಿಗೆ ಸರಳ ಕನ್ನಡ ಮತ್ತು ಉರ್ದುವಿನಲ್ಲಿ ಒಂದು ಪುಟದ ಕರಾರು ಪತ್ರದ ನಮೂನೆ ಸಿದ್ಧಪಡಿಸಿಡಲಿ. ಬಂಡವಾಳ ಎಷ್ಟು, ಲಾಭದ ಪಾಲು ಎಷ್ಟು, ನಷ್ಟ ಯಾರದು, ಲೆಕ್ಕ ತೋರಿಸುವುದು ಯಾವಾಗ, ಸಾಕ್ಷಿಗಳು ಯಾರು ಎಂಬ ಐದು ಅಂಶಗಳು ಅದರಲ್ಲಿದ್ದರೆ ಸಾಕು. ನಿಕಾಹ್‌ನ ದಫ್ತರಿನ ಪಕ್ಕದಲ್ಲಿ ಅದಕ್ಕೂ ಒಂದು ದಫ್ತರಿರಲಿ.