ಹತೋಡಿ ಯಾರದು?

ಸ್ವಲ್ಪ ಉದ್ದ ಆಗೈತಿ, ಪೂರ್ತಿ ಓದ್ರಿ.

ಕನಮಡಿಯಿಂದ ಮುಂಜಾನೆ ಬಸ್ ಹತ್ತಿ, ತಿಕೋಟಾ ದಾಟಿ, ವಿಜಯಪುರದ ಗ್ಯಾರೇಜುಗಳಿಗೆ ಹೋಗೋ ನಮ್ಮ ಕೇರಿ ಹುಡುಗರ ಬಗ್ಗೆ ಇದು. ದ್ರಾಕ್ಷಿ ತೋಟದ ಕೂಲಿ ಬ್ಯಾಡ ಅಂತ ಡೆಂಟಿಂಗ್ ಕಲಿಯಾಕ ಹೋದವರು. ನನ್ನ ಅಕ್ಕನ ಮಗನೂ ಅವರೊಳಗ ಒಬ್ಬ. ಆರು ವರ್ಷ ದುಡಿದ. ನೆಗ್ಗಿದ ಕಾರಿನ ಬಾಗಿಲ ಮ್ಯಾಲೆ ಅಂಗೈ ಸವರಿದ್ರ ಸಾಕು, ಎಲ್ಲಿ ಉಬ್ಬು ಎಲ್ಲಿ ತಗ್ಗು ಅಂತ ಕಣ್ಣು ಮುಚ್ಚಿ ಹೇಳ್ತಾನ. ಪಗಾರ ಹೆಚ್ಚು ಮಾಡ್ರಿ ಅಂದಿದ್ದಕ್ಕ ಮಾಲೀಕರು "ನಾಳಿಂದ ಬರಬ್ಯಾಡ" ಅಂದ್ರು. ಮನಿಗೆ ಬಂದಾಗ ಅವನ ಕೈಯಾಗ ಇದ್ದದ್ದು ಬುತ್ತಿ ಡಬ್ಬಿ ಒಂದೇ. ಹತೋಡಿ, ಡಾಲಿ, ಸ್ಪೂನು ಎಲ್ಲಾ ಮಾಲೀಕರವು.

"ಮಾಮಾ, ಕೆಲಸ ನನಗ ಬರ್ತದ. ಆದರ ಕೆಲಸ ನಂದಲ್ಲ" ಅಂದ.

ಸರಕಾರದ ಟೂಲ್‌ಕಿಟ್ ಯೋಜನೆ ಐತೆಲ್ಲ ಅಂತೀರಿ. ಐತಿ. 2023ರ ಸೆಪ್ಟೆಂಬರ್ 17ಕ್ಕ ಪಿಎಂ ವಿಶ್ವಕರ್ಮ ಶುರುವಾತು. ಉಪಕರಣಕ್ಕ 15,000 ರೂಪಾಯಿ, ತರಬೇತಿ ದಿನಕ್ಕ 500, ಮೊದಲು ಒಂದು ಲಕ್ಷ, ಆಮ್ಯಾಲೆ ಎರಡು ಲಕ್ಷ ಸಾಲ. ಒಟ್ಟು 18 ಕಸುಬು. ಆ ಪಟ್ಟಿ ಒಮ್ಮೆ ಜೋರಾಗಿ ಓದ್ರಿ: ಬಡಿಗ, ಕಂಬಾರ, ಅಕ್ಕಸಾಲಿಗ, ಕುಂಬಾರ, ಮೋಚಿ, ಕ್ಷೌರಿಕ, ಅಗಸ... ಕಸುಬಿನ ಪಟ್ಟಿ ಓದಿದಂಗ ಅನಸ್ತದೋ, ಊರಿನ ಓಣಿಗಳ ಹೆಸರು ಓದಿದಂಗ ಅನಸ್ತದೋ?

ಚಪ್ಪಲಿ ಹೊಲಿದ್ರ ಕಿಟ್ ಐತಿ. ಕಾರಿನ ನೆಗ್ಗು ತೆಗೆದ್ರ ಇಲ್ಲ. ಹತೋಡಿ ಮಾಡಾವ ಪಟ್ಟಿಯೊಳಗ ಅದಾನ, ಅದೇ ಹತೋಡಿ ಹಿಡಿದು ಕಾರು ಸರಿ ಮಾಡಾವ ಇಲ್ಲ. ಕಂಬಾರರಿಗೆ ಸಿಗೂದು ಸಿಗಲಿ, ಅವರ ಮ್ಯಾಲೆ ನನ್ನ ತಕರಾರಿಲ್ಲ.

ಯಾವ ಜಾತಿಯವರೂ ಅರ್ಜಿ ಹಾಕಬಹುದು ಅಂತಾರ. ಖರೆ. ಆದರೆ ನಿಯಮದಲ್ಲಿ ಇರುವುದು "ಕುಟುಂಬ ಆಧಾರಿತ ಸಾಂಪ್ರದಾಯಿಕ ಕಸುಬು". ಅದರ ಜೊತೆಗೆ ಅರ್ಜಿದಾರ ಸ್ವಂತ ಉದ್ಯೋಗ ಮಾಡುವವನಾಗಿರಬೇಕು. ಅಂದರೆ ಇನ್ನೊಬ್ಬರ ಗ್ಯಾರೇಜಿನಲ್ಲಿ ಪಗಾರಕ್ಕೆ ದುಡಿಯುವ ಹುಡುಗ ಎರಡೂ ಕಡೆಯಿಂದ ಹೊರಗೆ. ಉಪಕರಣ ಇಲ್ಲದ್ದಕ್ಕ ಸ್ವಂತ ಉದ್ಯೋಗ ಇಲ್ಲ. ಸ್ವಂತ ಉದ್ಯೋಗ ಇಲ್ಲದ್ದಕ್ಕ ಉಪಕರಣ ಇಲ್ಲ.

ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಇದರ ಬೇರು ತೋರಿಸಿದ್ದರು: ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ದುಡಿಯುವವರನ್ನೇ ಮೇಲೆ ಕೆಳಗೆ ಒಡೆಯುತ್ತದೆ, ಹುಟ್ಟುವ ಮೊದಲೇ ಕಸುಬು ಗೊತ್ತು ಮಾಡುತ್ತದೆ. ಡೆಂಟಿಂಗ್ ನೋಡ್ರಿ. ಯಾರ ಮುತ್ತ್ಯಾನೂ ಮಾಡಿದ್ದಲ್ಲ, ಯಾವ ಜಾತಿಗೂ ಬರೆದಿಟ್ಟಿದ್ದಲ್ಲ. ನಮ್ಮ ಹುಡುಗರು ತಾವೇ ಆರಿಸಿಕೊಂಡ ಕಸುಬು. ಅಪ್ಪನ ಕಸುಬು ಮಾಡಿದ್ರ 'ಪರಂಪರೆ', ತಾನೇ ಆರಿಸಿಕೊಂಡ್ರ ಲೆಕ್ಕಕ್ಕೇ ಇಲ್ಲ. ಇದು ಯಾವ ನ್ಯಾಯ? ತಮಿಳುನಾಡು 2024ರಲ್ಲಿ ಇದೇ ಆಕ್ಷೇಪ ಎತ್ತಿ, ಈ ರೂಪದಲ್ಲಿ ಜಾರಿ ಮಾಡೂದಿಲ್ಲ ಅಂತ ಕೇಂದ್ರಕ್ಕ ಪತ್ರ ಬರೀತು. ನಾವು ಯಾಕ ಸುಮ್ಮನಿದೀವಿ?

"ಹತೋಡಿ ಅಂದ್ರ ಎಷ್ಟು ದೊಡ್ಡದು, ಬಜಾರದಾಗ ಸಿಗ್ತದ ತಗೋ" ಅನ್ನೋರಿಗೆ ಒಂದು ಮಾತು. ಡಾಲಿ ಅಂದ್ರ ಅಂಗೈಯಾಗ ಹಿಡಿಯೋ ಉಕ್ಕಿನ ಗಟ್ಟಿ. ತಗಡಿನ ಹಿಂದ ಅದನ್ನ ಹಿಡಿದು ಮುಂದಿನಿಂದ ಬಡೀಬೇಕು. ಡಾಲಿ ಮ್ಯಾಲೇ ನೇರ ಬಡಿದ್ರ ತಗಡು ಹಿಗ್ಗತದ. ತಗ್ಗಿನ ಹಿಂದ ಡಾಲಿ ಒತ್ತಿ, ಸುತ್ತಲಿನ ಉಬ್ಬಿನ ಮ್ಯಾಲೆ ಹಗುರಕ ಬಡಿದ್ರ ತಗ್ಗು ಮೇಲೇಳತದ. ಬಾಗಿಲಿಗೆ ಒಂದು ಬಾಗು, ಮಡ್‌ಗಾರ್ಡಿಗೆ ಇನ್ನೊಂದು ಬಾಗು. ಒಂದೇ ಡಾಲಿ ಎಲ್ಲಾದಕ್ಕೂ ನಡಿಯೂದಿಲ್ಲ. ಹತೋಡಿ ಮುಖ ಕನ್ನಡಿಯಂಗ ನುಣ್ಣಗಿರಬೇಕು. ಒಂದು ಕಚ್ಚು ಇದ್ರೂ ಪ್ರತಿ ಏಟಿಗೆ ಅದರ ಅಚ್ಚು ತಗಡಿನ ಮ್ಯಾಲೆ. ಕಾರಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಮೊಳಿ ಹೊಡಿಯೋ ಹತೋಡಿ ತಂದು ಬಡಿದ್ರ ಪುಟ್ಟಿ ಮೆತ್ತಿ ಮುಚ್ಚೂದೇ ಗತಿ. ಹಂಗಾಗಿ ಕಚೇರಿಯಾಗ ಕೂತು ಯಾರೋ ಆರಿಸಿದ ಪೆಟ್ಟಿಗಿ ನಮಗ ಬ್ಯಾಡ. ಕೆಲಸಗಾರ ತಾನೇ ಆರಿಸಬೇಕು.

ನಮ್ಮ ಹುಡುಗ ಈಗ ಗುಜರಿಯಿಂದ ಲಾರಿ ಕಮಾನ್ ಪಟ್ಟಿಯ ತುಂಡು ತಂದು ಸ್ಪೂನು ಮಾಡಿಕೊಳ್ಳಾಕತ್ತಾನ, ಕೈ ಹೋಗದ ಸಂದಿಯೊಳಗ ತೂರಿಸಿ ಒತ್ತಾಕ. ಅಂಚು ದುಂಡಗ ಮಾಡಿ, ಉಕ್ಕಿನ ಹದ ಹೋಗಬಾರದಂತ ಘಳಿಗಿಗೊಮ್ಮೆ ನೀರಾಗ ಅದ್ದಿ ತಿಕ್ಕತಾನ. ಹಳೇ ಆಕ್ಸಲ್ ತುಂಡು ಡಾಲಿ ಆಗೈತಿ. ನನಗ ಅಭಿಮಾನ ಐತಿ. ಆದರ ಗುಜರಿಯಿಂದ ಬದುಕು ಕಟ್ಟಿಕೊಂಡ ಅಂತ ಹೊಗಳಿ ಸರಕಾರಾನ ಸುಮ್ಮನ ಬಿಡಾಕ ನಾ ತಯಾರಿಲ್ಲ.

ನಮ್ಮವರೂ ಕೇಳ್ತಾರ: ಓದು ಅನ್ನಬೇಕಾದವರು ಹತೋಡಿ ಹಿಡಿ ಅಂತೀರಾ? ಓದಲೇಬೇಕು. ಆದರ ಓದು ಅರ್ಧಕ್ಕ ಬಿಟ್ಟವನೂ ನಮ್ಮವನೇ. ಅವನ ಹೆಸರು ನಮ್ಮ ಬೇಡಿಕೆ ಪತ್ರದಾಗ ಯಾಕಿಲ್ಲ?

ಬೇಡಿಕೆ ಮೂರೇ:

1. ಉಪಕರಣ ಯೋಜನೆಗಳಿಂದ "ಕುಟುಂಬದ ಕಸುಬು" ಅನ್ನೋ ಷರತ್ತು ತೆಗೀರಿ. ಪಗಾರಕ್ಕ ದುಡಿಯೋರನ್ನೂ ಸೇರಿಸ್ರಿ.

2. 2013ರ ಕಾಯ್ದೆ ಪ್ರಕಾರ ಉಪಯೋಜನೆ ಹಣ ನಮ್ಮ ಜನಸಂಖ್ಯೆಯ ಪಾಲು. ಬೇರೆ ಕಡೆ ಹರಿಸಾಕ ದಾರಿಯಾಗಿದ್ದ 7(ಡಿ) 2023ರಲ್ಲಿ ರದ್ದಾತು. ಆ ಹಣದಾಗ ಗ್ಯಾರೇಜ್ ಹುಡುಗರಿಗೆ ಉಪಕರಣ ಕೊಡ್ರಿ, ಆಯ್ಕೆ ಅವರದಿರಲಿ.

3. ಗ್ಯಾರೇಜಿನಾಗ ಕಲಿತವರ ಕೈಕೆಲಸ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡ್ರಿ.

ನಾಕನೇದು ನಮಗ. ಈ ಸಲ ಏಪ್ರಿಲ್ 14ಕ್ಕ ಡಿಜೆ ಒಂದು ತಾಸು ಕಡಿಮಿ ಮಾಡೋಣ. ಉಳಿದ ರೊಕ್ಕದಾಗ ಪ್ರತಿ ಕೇರಿಯಿಂದ ಒಬ್ಬ ಹುಡುಗನ ಕೈಗೆ ಅವನೇ ಆರಿಸಿದ ಹತೋಡಿ, ಡಾಲಿ ಕೊಡೋಣ. ಕಾವಿನ ಮ್ಯಾಲೆ ಅವನ ಹೆಸರು ಕೊರೆಸೋಣ. ನಾಳೆ ಯಾವ ಮಾಲೀಕ "ಬರಬ್ಯಾಡ" ಅಂದ್ರೂ ಅದು ಅವನ ಜೋಡಿ ಮನಿಗೆ ಬರ್ತದ.

ಜೈ ಭೀಮ್.