ಅಂಬಲಿ ಏನ್ ಕಮ್ಮಿ ಆಗ್ಯಾದ?

ಎಳ್ಳ ಅಮಾಸಿ ದಿನ ಹೊಲದಾಗ ಭಜ್ಜಿ ಜೋಡಿ ಕೋಲ್ಡ್ ಡ್ರಿಂಕ್ ಬಾಟ್ಲಿ ತೆಗೆಯೋರಿಗೆ ನಂದೊಂದು ಸವಾಲ್ ಅದ. ಕೇಳೋದಕ್ಕ ಮೊದಲ ದೂರದ ಒಂದು ಸೀಮಿ ಮಾತು ಹೇಳ್ತೀನಿ, ಜರಾ ಕೇಳ್ರಿ.

ಇಟಲಿ ದೇಶದಾಗ ಸಾರ್ಡೀನಿಯಾ ಅಂತ ಒಂದು ನಡುಗಡ್ಡಿ ಅದ. ಅಲ್ಲಿ ಮಂದಿಗಿಂತ ಕುರಿ ಹೆಚ್ಚು. ಅದರ ಉತ್ತರಕ್ಕ ಗಲ್ಲೂರ ಅನ್ನೋ ಸೀಮಿ, ಕಲ್ಲು ನೆಲ, ಸಮುದ್ರದ ಜೋರು ಗಾಳಿ. ಅಲ್ಲಿ ವರ್ಮೆಂತೀನೊ ಅನ್ನೋ ದ್ರಾಕ್ಷಿಲಿಂದ ಬಿಳಿ ವೈನ್ ಮಾಡ್ತಾರ. 1996ರಾಗ ಇಟಲಿ ಸರಕಾರ ಅದಕ್ಕ ಎಲ್ಲಕ್ಕಿಂತ ಮ್ಯಾಲಿನ ದರ್ಜಿ ಕೊಟ್ಟದ. ಬಾಟ್ಲಿ ಮ್ಯಾಲ ಆ ಹೆಸರು ಹಾಕಬೇಕಂದ್ರ ನೂರಕ್ಕ 95 ಪಾಲು ಅದೇ ದ್ರಾಕ್ಷಿ ಇರಬೇಕು.

ನಾ ದಾರೂ ಪರವಾಗಿ ಮಾತಾಡ್ಲಾಕ ಕುಂತಿಲ್ಲ. ದಾರೂದಿಂದ ಹಾಳಾದ ಮನಿ ನಮ್ಮ ಖಟಕ ಚಿಂಚೋಳಿ ಕಡಿ ಎಷ್ಟಿಲ್ಲ! ನಾ ನೋಡೋದು ಅವರ ಊಟದ ಹಿಕಮತ್ತು. ಆ ವೈನ್ ಜರಾ ಹುಳಿ, ಕಡೀಕ ಬದಾಮಿನಂಥ ಕಹಿ. ಅದಕ್ಕ ಜೋಡಿ ಏನು? ತಮ್ಮ ಸಮುದ್ರದ ಮೀನ, ತಮ್ಮ ಕುರಿ ಹಾಲಿನ ಉಪ್ಪುಪ್ಪು ಚೀಸ್. ಜೋಡಿ ಪಾನೆ ಕರಸಾವು ಅನ್ನೋ ರೊಟ್ಟಿ, ಹಾಳಿಯಂಗ ತೆಳ್ಳಗ, ಕಟಕಟ. ಕುರಿ ಕಾಯೋರು ತಿಂಗಳಗಟ್ಲೆ ಕಟ್ಕೊಂಡು ಹೋಗ್ತಿದ್ರು. ಇದು ನಮ್ಮ ಖಡಕ್ ರೊಟ್ಟಿ ಅಲ್ಲದೆ ಮತ್ತೇನು? ಮೀನಿನ ಜಿಡ್ಡು, ಚೀಸಿನ ಉಪ್ಪು ನಾಲಿಗಿ ಮ್ಯಾಲ ಕುಂತಾಗ ಹುಳಿ ಬಂದು ತೊಳಿತದ. ಇಷ್ಟೇ ಗುಟ್ಟು.

ಈಗ ನಮ್ಮ ಭಜ್ಜಿ ನೋಡ್ರಿ. ಹಸಿ ಕಡ್ಲಿ, ತೊಗರಿ, ಅವರಿ, ಬದನಿಕಾಯಿ, ಗಜ್ಜರಿ, ಮೆಂತ್ಯ ಪಲ್ಯ, ಮ್ಯಾಲ ಕಡ್ಲಿ ಹಿಟ್ಟು, ಹಸಿ ಮೆಣಸಿನಕಾಯಿ ಖಾರ. ಗಟ್ಟಿ, ಖಾರ, ಹೊಟ್ಟಿಗಿ ಭಾರ. ಇದಕ್ಕ ನಮ್ಮ ಹಿರೇರು ಇಟ್ಟಿದ್ದು ಅಂಬಲಿ. ಜ್ವಾಳದ ಹಿಟ್ಟು ರಾತ್ರಿ ನೆನಿ ಹಾಕಿ, ಹುಳಿ ಬಂದ ಮ್ಯಾಲ ಕುದಿಸಿ, ಆರಿಸಿ, ಮಜ್ಜಿಗಿ, ಬಳ್ಳೊಳ್ಳಿ, ಜೀರಗಿ, ಉಪ್ಪು ಹಾಕಿದ್ದು. ಗಲ್ಲೂರದವರು ದ್ರಾಕ್ಷಿಲಿಂದ ಮಾಡಿದ ಕೆಲಸಾನೇ ನಮ್ಮವ್ವಂದೇರು ಜ್ವಾಳದಿಂದ ಮಾಡ್ಯಾರ, ಅದೂ ನಶಾ ಇಲ್ದಂಗ. ಒಂದು ಸಣ್ಣ ಬಾಟ್ಲಿ ಕೋಲ್ಡ್ ಡ್ರಿಂಕಿನಾಗ 5–6 ಚಮಚ ಸಕ್ರಿ ಇರ್ತದ. ಖಾರದ ಬಾಯಿಗಿ ಆ ಗ್ಯಾಸ್ ಇನ್ನೂ ಚುರುಚುರು ಅಂತದ.

“ಅಂಬಲಿ ಬಡವರ ಕುಡಿಯೋದು, ಬೀಗರ ಮುಂದ ಮರ್ಯಾದಿ ಹೋಗ್ತದ” ಅಂತಾರ. ಯಾಕ್ರಿ? ಕುರಿ ಕಾಯೋರ ರೊಟ್ಟಿ ಹೊಟೇಲಿನ ಮೇಜಿನ ಮ್ಯಾಲ ಇಟ್ಟು ಆ ನಡುಗಡ್ಡಿಯವರು ಎದಿ ಉಬ್ಬಿಸ್ತಾರ. ನಮ್ಮ ರಾಜ್ಯದಾಗೂ 2007ರಾಗ ವೈನಿಗಿ ನೀತಿ ಬಂತು, ವೈನ್ ಬೋರ್ಡ್ ಆಯ್ತು, ಮೇಳ ಮಾಡ್ತಾರ. ಅಂಬಲಿಗಿ ಬೋರ್ಡ್ ಬ್ಯಾಡ, ನಮ್ಮ ಮನಿಯಾಗ ಜಾಗ ಸಿಕ್ರ ಸಾಕು.

ಇದು ಬರೇ ಬಾಯಿ ರುಚಿ ಮಾತಲ್ಲ. ನಮ್ಮ ಬೀದರ ಜಿಲ್ಲಾದಾಗ ಸೋಯಾ ಬಂದು ಜ್ವಾಳದ ಹೊಲ ನುಂಗ್ಯಾದ. ಅಂಬಲಿ ಕುಡಿಯೋರು ಇಲ್ಲಂದ್ರ ಜ್ವಾಳ ಬಿತ್ತೋರು ಯಾರು? ಜ್ವಾಳ ಇಲ್ಲಂದ್ರ ದನಕ್ಕ ಕಣಕಿ ಎಲ್ಲಿಂದ? ಹುಳಿ ಎಷ್ಟು ಬರಬೇಕು ಅನ್ನೋದು ಕೈಗಿ ಗೊತ್ತಿರ್ತದ, ಪುಸ್ತಕದಾಗ ಸಿಗಲ್ಲ. ಮಗಳಿಗಿ, ಸೊಸಿಗಿ, ಹಂಗೇ ಮಗನಿಗೂ ಕಲಿಸದಿದ್ರ ನಮ್ಮ ಜೋಡಿನೇ ಹೋಗ್ತದ.

ಅದಕ್ಕ ನನ್ನ ಸವಾಲ್ ಇಷ್ಟೇ, ಅಕ್ಕದೇರೆ: ಬರೋ ಎಳ್ಳ ಅಮಾಸಿಗಿ ನಿಮ್ಮ ಹೊಲಕ್ಕ ಬಂದ ಬೀಗರ ಕೈಯಾಗ ಮೊದಲ ಏನ್ ಕೊಡ್ತೀರಿ?